ಸ್ಟುಟ್‌ಗಾರ್ಟಿನ ತಮ್ಮನಿಗೆ, ರೋಣದಿಂದ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಮುಟ್ಟಿತು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬರುತ್ತಿದ್ದೇನೆ, ಪ್ರಾರ್ಥನೆ ಮಾಡಲು ಬರುವುದಿಲ್ಲ, ಎದ್ದು ಹೊರಡಲೂ ಮನಸ್ಸಾಗುವುದಿಲ್ಲ ಎಂದು ಬರೆದಿದ್ದೀ. ನರಗುಂದದ ಸಂತೆಯಲ್ಲಿ ನಾಲಿಗೆಯ ಮೇಲೆ ಕರ್ಪೂರ ಉರಿಸಿ, ಇದರಲ್ಲಿ ಪವಾಡ ಏನೂ ಇಲ್ಲ ಎಂದು ಜನರಿಗೆ ತೋರಿಸುತ್ತಿದ್ದ ಹುಡುಗ ಎಲ್ಲಿ, ಇವತ್ತಿನ ನಾನೆಲ್ಲಿ ಎಂದು ಹಳಹಳಿಸಿದ್ದೀ. "ಅಕ್ಕಾ, ನಾನು ಸೋತೆನೇನು?" ಎಂಬ ಸಾಲಿಗೆ ಬಂದಾಗ ಪತ್ರ ಮಡಚಿಟ್ಟೆ. ಅವಸರದಲ್ಲಿ ಉತ್ತರ ಕೊಡುವ ಪ್ರಶ್ನೆ ಅಲ್ಲ ಅದು. ಫೋನಿನಲ್ಲಿ ಆಡಿ ಮುಗಿಸುವ ಮಾತೂ ಅಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ನೀನು ಸೋತಿಲ್ಲ. ಮೊದಲು ಇದನ್ನು ಮನಸ್ಸಿನಲ್ಲಿ ಇಟ್ಟುಕೋ. ಪತ್ರದ ತುಂಬ ಡಾಕಿನ್ಸ್, ಹಿರ್ಸಿ ಅಲಿ, ಟಾಮ್ ಹಾಲೆಂಡ್, ಹೇಬರ್ಮಾಸ್ ಅಂತ ಪುಟಗಟ್ಟಲೆ ಬರೆದಿದ್ದೀ. ನಿನ್ನ ಹೆಂಡತಿಯ ಮಾತು ಬಂದದ್ದು ಕೊನೆಗೆ, ಅದೂ ಅರ್ಧ ಸಾಲು: ಆಕೆ ಹೋದ ಮೇಲೆ ಮನೆ ದೊಡ್ಡದಾಗಿದೆ ಎಂದಷ್ಟೇ. ನಿನ್ನನ್ನು ಸೊಂಟದ ಮೇಲೆ ಹೊತ್ತು ಗಜೇಂದ್ರಗಡದ ಓಣಿಯೆಲ್ಲ ತಿರುಗಿದವಳು ನಾನು. ನಿನ್ನ ಪತ್ರದ ತಾಯಿಬೇರು ಆ ಅರ್ಧ ಸಾಲಿನಲ್ಲಿದೆ ಎಂದು ತಿಳಿಯದಷ್ಟು ದೂರದವಳಲ್ಲ. ದುಃಖದಲ್ಲಿ ಮನುಷ್ಯ ದೇವರ ಮನೆಯ ಕಡೆ ಹೆಜ್ಜೆ ಹಾಕಿದರೆ ಅದು ಬುದ್ಧಿ ಕೆಟ್ಟದ್ದರ ಗುರುತು ಎಂದು ನಾನು ಒಪ್ಪುವುದಿಲ್ಲ. ದುಃಖವೂ ಒಂದು ಅರಿವು. ಸುಖದ ದಿನಗಳಲ್ಲಿ ಕಾಣದ ಎಷ್ಟೋ ಸಂಗತಿಯನ್ನು ಅದು ಕಾಣಿಸುತ್ತದೆ. ಕಂಡದ್ದೆಲ್ಲ ನಿಜವೇ ಎಂದು ಆಮೇಲೆ ಒರೆಗೆ ಹಚ್ಚಿ ನೋಡಬೇಕು, ಅಷ್ಟೇ.

ನೀನು ಹೇಳಿದವರ ವಿಷಯವನ್ನು ನಾನೂ ತರಿಸಿ ಓದಿದೆ. 2004ರಿಂದ 2007ರವರೆಗೆ ಸ್ಯಾಮ್ ಹ್ಯಾರಿಸ್, ಡಾಕಿನ್ಸ್, ಡೆನೆಟ್, ಹಿಚೆನ್ಸ್ ಈ ನಾಲ್ವರು ನಾಸ್ತಿಕರ ಪುಸ್ತಕಗಳು ಒಂದರ ಹಿಂದೆ ಒಂದು ಬಂದಾಗ ನೀನು ಎಷ್ಟು ಸಂಭ್ರಮಪಟ್ಟಿದ್ದೆ! ಧರ್ಮದ ಕಾಲ ಮುಗಿಯಿತು ಎಂದು ಬರೆದಿದ್ದೆ. ಅದೇ ಡಾಕಿನ್ಸ್ 2024ರ ಈಸ್ಟರ್ ಹೊತ್ತಿಗೆ ರೇಡಿಯೋ ಸಂದರ್ಶನವೊಂದರಲ್ಲಿ, ತಾನು ಸಂಸ್ಕೃತಿಯಿಂದ ಕ್ರೈಸ್ತನೇ, ಆ ಧರ್ಮದ ಒಂದು ಮಾತನ್ನೂ ನಂಬುವುದಿಲ್ಲ, ಆದರೆ ಕ್ರಿಸ್ಮಸ್ ಗೀತೆಗಳೂ ಹಳೆಯ ಚರ್ಚುಗಳೂ ಇಲ್ಲದ ಇಂಗ್ಲೆಂಡು ತನಗೆ ಬೇಡ ಎಂಬ ಅರ್ಥದ ಮಾತಾಡಿದರು. ಇಸ್ಲಾಂ ಮತ್ತು ಕ್ರೈಸ್ತಧರ್ಮ ಎರಡರಲ್ಲಿ ಒಂದನ್ನು ಆರಿಸು ಎಂದರೆ ತನ್ನ ಆಯ್ಕೆ ಯಾವುದು ಎಂದೂ ಹೇಳಿದರು. ಅದಕ್ಕೂ ಮುಂಚೆ, 2023ರ ನವೆಂಬರಿನಲ್ಲಿ, ಅಯಾನ್ ಹಿರ್ಸಿ ಅಲಿ ತಾನೀಗ ಕ್ರೈಸ್ತಳು ಎಂದು ಲೇಖನ ಬರೆದರು. ಸೊಮಾಲಿಯಾದಲ್ಲಿ ಹುಟ್ಟಿ, ಇಸ್ಲಾಮನ್ನು ತೊರೆದು, ನೆದರ್‌ಲ್ಯಾಂಡ್ಸಿನಲ್ಲಿ ಸಂಸತ್ ಸದಸ್ಯೆಯಾಗಿ, ಜೀವಬೆದರಿಕೆಯ ನಡುವೆ ಬಾಳಿದ ಹೆಣ್ಣುಮಗಳು ಆಕೆ. ತಾನೇಕೆ ಕ್ರೈಸ್ತನಲ್ಲ ಎಂದು 1927ರಲ್ಲಿ ಬರ್ಟ್ರಂಡ್ ರಸೆಲ್ ಲಂಡನ್ನಿನಲ್ಲಿ ಮಾಡಿದ ಭಾಷಣಕ್ಕೆ ಆ ಲೇಖನ ನೇರ ಉತ್ತರದಂತಿತ್ತು.

ಆ ಲೇಖನದಲ್ಲಿ ನನಗೆ ಕೊರತೆ ಕಂಡದ್ದು ಯೇಸುವಿನದೇ. ಪಾಶ್ಚಾತ್ಯ ನಾಗರಿಕತೆಯನ್ನು ಚೀನಾ ರಷ್ಯಾಗಳಿಂದ, ಮತೀಯ ಉಗ್ರರಿಂದ, ತಮ್ಮೊಳಗಿನ ಹೊಸ ಸಿದ್ಧಾಂತಗಳಿಂದ ಕಾಪಾಡಲು ಕ್ರೈಸ್ತಧರ್ಮ ಬೇಕು ಎಂಬುದು ಅದರ ಮುಖ್ಯ ವಾದ. ಮರುವರ್ಷ ನ್ಯೂಯಾರ್ಕಿನಲ್ಲಿ ಡಾಕಿನ್ಸ್ ಎದುರು ಕುಳಿತು ಮಾತಾಡಿದಾಗ ಆಕೆ ಬೇರೆಯದನ್ನೇ ಹೇಳಿದರು. ಬದುಕೇ ಬೇಡ ಎನಿಸುವಂಥ ಖಿನ್ನತೆ, ಔಷಧ ಉಪಚಾರ ಯಾವುದಕ್ಕೂ ಬಗ್ಗದ ಕತ್ತಲು, ಕೊನೆಗೆ ಪ್ರಾರ್ಥನೆ ಮಾಡಿ ನೋಡಿದ್ದು. ನನ್ನ ಮನಸ್ಸಿಗೆ ತಟ್ಟಿದ್ದು ಈ ಎರಡನೆಯ ಮಾತು. ಮೊದಲನೆಯದು ರಾಜಕಾರಣ. ಎರಡನೆಯದು ಒಂದು ಮನುಷ್ಯಜೀವದ ನಿಜ.

ಹಾಲೆಂಡರ 'ಡೊಮಿನಿಯನ್' 2019ರದು. ರೋಮಿನ, ಪರ್ಷಿಯಾದ ಇತಿಹಾಸ ಬರೆಯುತ್ತ ಬರೆಯುತ್ತ ಅವರಿಗೆ ಅನ್ನಿಸಿದ್ದು ಇದು: ಸೋತವನ ಪರ, ದುರ್ಬಲನ ಪರ ಮರುಗುವ ತನ್ನ ಮನಸ್ಸು ರೋಮನ್ನರದಲ್ಲ, ಗುಲಾಮರಿಗೆ ಮೀಸಲಾದ ಸಾವನ್ನು ಸತ್ತವನೊಬ್ಬನನ್ನು ದೇವರೆಂದು ಕರೆದ ಜನರಿಂದ ಅದು ಬಂದದ್ದು. ಹೇಬರ್ಮಾಸರಂತೂ ನಿನ್ನ ನಾಡಿನವರೇ. 2001ರ ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ಶಾಂತಿ ಪ್ರಶಸ್ತಿ ಪಡೆಯುತ್ತ, ಧರ್ಮದ ಭಾಷೆಯಲ್ಲಿ ಹುದುಗಿದ ತಿಳಿವಳಿಕೆಯನ್ನು ಸೆಕ್ಯುಲರ್ ಸಮಾಜ ಸುಮ್ಮನೆ ಬಿಸಾಡಬಾರದು ಎಂದು ವಾದಿಸಿದರು. 2004ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಕಾರ್ಡಿನಲ್ ರಾಟ್ಸಿಂಗರ್ ಜೊತೆ ಚರ್ಚೆಗೆ ಕುಳಿತರು. ಮರುವರ್ಷ ಆ ಕಾರ್ಡಿನಲ್ ಪೋಪ್ ಬೆನೆಡಿಕ್ಟ್ ಆದರು. ಹೇಬರ್ಮಾಸ್ ಅದರಿಂದ ಆಸ್ತಿಕರಾಗಲಿಲ್ಲ. ಎದುರಿನವನ ಮಾತಿನಲ್ಲಿ ತನಗೆ ಕಲಿಯುವುದಿದೆ ಎಂದು ಒಪ್ಪಿದರು. ವಿಚಾರವಂತರ ನಡೆ ಅಂದರೆ ನನಗೆ ಅದು.

ಹಾಗಂತ ನಾಸ್ತಿಕತೆ ನೆಲಕಚ್ಚಿತು ಎಂದು ಕುಣಿಯುವವರ ಮಾತನ್ನೂ ಪೂರ್ತಿ ನಂಬಬೇಡ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಎಂದವರು ಶೇ. 46.2, ಮೊದಲ ಸಲ ಅರ್ಧಕ್ಕಿಂತ ಕಡಿಮೆ. ಯಾವ ಧರ್ಮವೂ ಇಲ್ಲ ಎಂದವರು ಶೇ. 37.2. ಅಮೆರಿಕದಲ್ಲಿ ಇಳಿಕೆ ನಿಂತ ಹಾಗಿದೆ, ಅಲ್ಲಿ ಕ್ರೈಸ್ತರ ಪಾಲು ಶೇ. 62ರ ಆಸುಪಾಸಿನಲ್ಲಿದೆ ಎಂದು ಪ್ಯೂ ಸಂಸ್ಥೆ 2025ರಲ್ಲಿ ಹೇಳಿತು. ಅಂದರೆ ಬೆಂಚುಗಳು ಇನ್ನೂ ತುಂಬಿಲ್ಲ. ಬದಲಾದದ್ದು ಓದುಬರಹದವರ ಧಾಟಿ. ಧರ್ಮ ಎಂದರೆ ಮೂಗು ಮುರಿಯುತ್ತಿದ್ದವರು ಈಗ ಕಿವಿಗೊಡುತ್ತಿದ್ದಾರೆ. ಇದು ಒಳ್ಳೆಯದೇ. ಆದರೆ ಯಾತಕ್ಕಾಗಿ ಕಿವಿಗೊಡುತ್ತಿದ್ದಾರೆ ಎಂಬುದು ನನಗೆ ಮುಖ್ಯ.

ನರಗುಂದದ ಗುಡ್ಡ ನೆನಪಿದೆಯಲ್ಲ? ಕಡಿದಾದ ಬಂಡೆ, ಮೇಲೆ ಕೋಟೆ, ಕೆಳಗೆ ಊರು. ಕೋಟೆ ಇದ್ದರೆ ಸಾಕು, ಊರು ಉಳಿಯುತ್ತದೆ ಎಂದು ಯಾರಿಗಾದರೂ ಅನ್ನಿಸಬೇಕು. 1858ರಲ್ಲಿ ಬಾಬಾಸಾಹೇಬ ಬಂಡೆದ್ದಾಗ ಕಂಪನಿಯ ದಂಡು ಬಂತು. ಕೋಟೆ ಅವನನ್ನು ಕಾಯಲಿಲ್ಲ, ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಈಗಿನ ಎಷ್ಟೋ ಚಿಂತಕರು ಕ್ರೈಸ್ತಧರ್ಮವನ್ನು ಇಂಥ ಕೋಟೆಯಾಗಿ ನೋಡುತ್ತಿದ್ದಾರೆ ಎಂಬುದು ನನ್ನ ಆತಂಕ. ಒಳಗೆ ದೇವರಿದ್ದಾನೋ ಇಲ್ಲವೋ ಎಂಬ ಚಿಂತೆ ಅವರಿಗಿಲ್ಲ. ಗೋಡೆ ಗಟ್ಟಿಯಿರಬೇಕು, ಹೊರಗಿನವರು ಹೊರಗೇ ಇರಬೇಕು. ತಮ್ಮಾ, ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಕಲಬುರ್ಗಿ ಸರ್ ಅವರ ಮನೆಯ ಬಾಗಿಲಲ್ಲಿ ಗುಂಡು ಹಾರಿತು. ವಚನಗಳಿಗೆ ಬದುಕು ತೇದ ವಿದ್ವಾಂಸರಿಗೆ ಧರ್ಮದ ಹೆಸರಿನಲ್ಲಿ ಸಾವು ಬಂತು. ಧರ್ಮವನ್ನು ಗೋಡೆಯಾಗಿ ಪ್ರೀತಿಸುವವರಿಗೆ ಅದರೊಳಗಿನ ಪ್ರಶ್ನೆಗಳೇ ಮೊದಲ ವೈರಿ.

ಇಲ್ಲಿ ಕ್ರೈಸ್ತಧರ್ಮದ ಮಾತೆತ್ತಿದರೆ ಸಾಕು, ಅದು ಮತಾಂತರದ ಜಗಳಕ್ಕೆ ಹೋಗಿ ನಿಲ್ಲುತ್ತದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು, 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದಕ್ಕೆ ಪಡೆಯಲು ತೀರ್ಮಾನಿಸಿತು, ವಾದ ಮಾತ್ರ ನಿಂತಿಲ್ಲ. ಆಗೆಲ್ಲ ನನಗೆ ಕಾರಂತರ 'ಚೋಮನ ದುಡಿ' ನೆನಪಾಗುತ್ತದೆ. 1933ರ ಕಾದಂಬರಿ. ಹುಟ್ಟಿದ ಜಾತಿಯ ಕಾರಣಕ್ಕೆ ಬೇಸಾಯಕ್ಕೆ ತುಂಡು ನೆಲ ಸಿಗದ ಚೋಮ, ಕಿಲಸ್ತಾನನಾದರೆ ನೆಲ ಸಿಕ್ಕೀತೆಂದು ಹೊರಡುತ್ತಾನೆ, ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಅಂಥ ಬಡವ ನೆಲಕ್ಕಾಗಿ ಧರ್ಮ ಬದಲಿಸಿದರೆ ನಾವು ಆಮಿಷ ಅನ್ನುತ್ತೇವೆ. ದೊಡ್ಡ ಪಂಡಿತರು ನಾಗರಿಕತೆಯ ರಕ್ಷಣೆಗಾಗಿ ಬದಲಿಸಿದರೆ ಚಿಂತನೆ ಅನ್ನುತ್ತೇವೆ. ಎರಡರಲ್ಲೂ ಧರ್ಮದಿಂದ ಆಗಬೇಕಾದ ಉಪಯೋಗವೇ ಕಾರಣ. ನನ್ನನ್ನು ಕೇಳಿದರೆ ಚೋಮನ ಹಸಿವೇ ಹೆಚ್ಚು ಪ್ರಾಮಾಣಿಕ. ಯಾಕೆಂದರೆ ಅವನು ಯಾರನ್ನೂ ಹೊರಗಿಡಲು ಹೊರಟಿರಲಿಲ್ಲ, ತಾನು ಒಳಗೆ ಬರಲು ಹೊರಟಿದ್ದ.

ನಮ್ಮ ಮಗ್ಗಲಿನ ಒಂದು ಕತೆ ನಿನಗೆ ಗೊತ್ತಿರಲಿಕ್ಕಿಲ್ಲ. 1833ರ ಚಾರ್ಟರ್ ಕಾಯ್ದೆಯಿಂದ ಇಂಗ್ಲಿಷರಲ್ಲದ ಮಿಷನರಿಗಳಿಗೂ ಕಂಪನಿಯ ರಾಜ್ಯಕ್ಕೆ ಬರಲು ದಾರಿಯಾಯಿತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ, ಮುಂದೆ ಹುಬ್ಬಳ್ಳಿಗೆ. ಆಗ ಈ ಭಾಗದಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಒಂದು ಪಂಥದವರಿದ್ದರು. ಹೊರಗಿನಿಂದ ಗುರುಗಳು ಬರುತ್ತಾರೆ, ಜಾತಿ ಅಳಿಯುತ್ತದೆ ಎಂದು ಅವರ ನುಡಿಗಳಲ್ಲಿತ್ತು. ಈ ಜರ್ಮನ್ ಪಾದ್ರಿಗಳೇ ಆ ಗುರುಗಳಿರಬೇಕೆಂದು ಅವರು ತಾವಾಗಿ ಹುಡುಕಿಕೊಂಡು ಹೋದರು. 1840ರ ದಶಕದ ಆರಂಭದಲ್ಲಿ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ವಸಾಹತು ತೆರೆಯಿತು, ಬೆಟಗೇರಿಯಲ್ಲಿ ಮಿಷನ್ ಠಾಣೆ ಆಯಿತು. ಪಾದ್ರಿಗಳು ಎದುರು ನೋಡಿದಷ್ಟು ಜನ ಬರಲಿಲ್ಲ. ಜನ ಎದುರು ನೋಡಿದ ಯುಗವೂ ಬರಲಿಲ್ಲ. ಆದರೂ ನನಗೆ ಆ ಜನರ ಮೇಲೆ ಗೌರವ. ಕೆಳಗಿದ್ದವರನ್ನು ಮೇಲೆತ್ತುವವನು ಬರುತ್ತಾನೆ ಎಂಬ ಆಸೆ ಅವರದೇ ಆಗಿತ್ತು, ಅವರ ಹಾಡಿನದೇ ಆಗಿತ್ತು. ಆ ಆಸೆಯನ್ನು ಹೊತ್ತೇ ಅವರು ಪರದೇಶದವರ ಬಾಗಿಲು ತಟ್ಟಿದರು.

ನಮ್ಮ ಮನೆಗೆ ಕ್ರಿಸ್ತನ ಹೆಸರು ಬಂದದ್ದು ಪುಸ್ತಕದಿಂದಲ್ಲ, ನಿನ್ನ ಹುಟ್ಟಿನಿಂದ. ಅವ್ವನ ಹೆರಿಗೆ ಕಷ್ಟವಾಯಿತೆಂದು ಅಪ್ಪ ಮಗ್ಗ ನಿಲ್ಲಿಸಿ, ಸಾಲ ಮಾಡಿ, ಆಕೆಯನ್ನು ಬೆಟಗೇರಿಯ ಜರ್ಮನ್ ದವಾಖಾನಿಗೆ ಕರೆದೊಯ್ದ. ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಹಳ್ಳಿಗಳವರಿಗೆ ಕೈಮೀರಿದ ಬೇನೆ ಅಂದರೆ ಬೆಟಗೇರಿಯೇ ಗತಿಯಾಗಿದ್ದ ಕಾಲ ಅದು. ಒಳಗೆ ಹೋದರೆ ನಮ್ಮನ್ನು ಕಿರಿಸ್ತಾನರನ್ನಾಗಿ ಮಾಡಿಬಿಡುತ್ತಾರೆ ಎಂದು ಓಣಿಯ ಹೆಂಗಸರು ಅವ್ವನಿಗೆ ಹೆದರಿಸಿ ಕಳಿಸಿದ್ದರು. ಅವ್ವ ಆ ದಿನದ ಕತೆಯನ್ನು ಸಾಯುವ ತನಕ ಹೇಳಿದಳು. ಬಿಳಿ ಸೀರೆಯ ಒಬ್ಬ ನರ್ಸ್‌ಬಾಯಿ ಬಂದಳಂತೆ. ರಕ್ತದ ಬಟ್ಟೆ ತಾನೇ ತೆಗೆದಳಂತೆ, ಕಾಲು ಒರೆಸಿದಳಂತೆ, ಗಂಟುಗಟ್ಟಿದ ತಲೆಗೂದಲಿಗೆ ಎಣ್ಣೆ ಹಚ್ಚಿ ಹಿಕ್ಕಿದಳಂತೆ. "ನನ್ನ ಜಾತಿ ಕೇಳಲಿಲ್ಲವಾ ಆಕಿ. ಮೊದಲ ಕೇಳಿದ್ದು, ಯವ್ವಾ ನೀರ ಬೇಕೇನ ಅಂತ." ಬೆಳಿಗ್ಗೆ ಆ ನರ್ಸ್‌ಬಾಯಿ ಮಂಚದ ಹತ್ತಿರ ನಿಂತು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು, ಅವ್ವ ಎದೆಯ ಮೇಲಿನ ಲಿಂಗ ಹಿಡಿದುಕೊಂಡು ತನ್ನ ಮಂತ್ರ ಹೇಳಿಕೊಳ್ಳುತ್ತಿದ್ದಳು. ಯಾರೂ ಯಾರನ್ನೂ ತಡೆಯಲಿಲ್ಲ. ಮನೆಗೆ ಬಂದ ಮೇಲೂ ಅವ್ವ ಲಿಂಗವಂತಳೇ. ಆದರೆ ಆ ನರ್ಸ್‌ಬಾಯಿಯ ದೇವರನ್ನು ಯಾರಾದರೂ ಹಗುರವಾಗಿ ಆಡಿದರೆ ಅವಳು ಸಹಿಸುತ್ತಿರಲಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಬದಿಯನ್ನೂ ಬರೆಯಬೇಕು. ಮಿಷನರಿಗಳು ಬಂದದ್ದು ಕಂಪನಿಯ ಆಳ್ವಿಕೆಯ ನೆರಳಿನಲ್ಲಿ. ನಮ್ಮ ಪೂಜೆ, ಜಾತ್ರೆ, ದೈವಗಳ ಬಗ್ಗೆ ಅವರಲ್ಲಿ ಅನೇಕರು ಬರೆದ ಮಾತು ಓದಿದರೆ ಇವತ್ತಿಗೂ ಮನಸ್ಸು ನೋಯುತ್ತದೆ. ಆದರೆ ಅದೇ ಗುಂಪಿನಲ್ಲಿ, ನೀನಿರುವ ವ್ಯುರ್ಟೆಂಬರ್ಗ್ ಸೀಮೆಯಿಂದಲೇ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ 1853ರಲ್ಲಿ ಬಂದರು. ಸುವಾರ್ತೆ ಸಾರಲು ಬಂದವರಿಗೆ ನಿಘಂಟಿನ ಗೀಳು ಯಾಕೆಂದು ಮಿಷನ್ನಿನ ಒಳಗೇ ಅವರ ಬಗ್ಗೆ ಅಸಮಾಧಾನವಿತ್ತು. ಅವರು ಬಿಡಲಿಲ್ಲ, 1894ರಲ್ಲಿ ನಿಘಂಟು ಹೊರಬಂತು. 1903ರಲ್ಲಿ ಅವರು ತೀರಿಕೊಂಡದ್ದು ನಿನ್ನ ಊರಿನ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಕಲಿಸಲು ಬಂದವರು ಇಲ್ಲಿ ಕಲಿಯಲು ಕುಳಿತದ್ದೇ ಅವರಲ್ಲಿ ಉಳಿದ ಪುಣ್ಯ ಎಂದು ನನಗನ್ನಿಸುತ್ತದೆ.

ನಮ್ಮ ಕನ್ನಡದ ವಿಚಾರವಂತರು ಕ್ರಿಸ್ತನ ಕಡೆ ನೋಡಿದ ರೀತಿ ಈಗಿನ ಯುರೋಪಿನವರದಕ್ಕಿಂತ ಬೇರೆ. ನೀನೂ ನಾನೂ ಸಾಲಿಯಲ್ಲಿ ಹಾಡಿದ 'ಕರುಣಾಳು ಬಾ ಬೆಳಕೆ' ಪ್ರಾರ್ಥನೆಯನ್ನೇ ತೆಗೆದುಕೋ. ನಾನು ಕನ್ನಡ ಕಲಿಸುತ್ತಿದ್ದಾಗ ರೋಣದ ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆಗೆ ಅದನ್ನು ಹಾಡಿಸುತ್ತಿದ್ದೆ. ಮಳೆಗಾಲದ ಒಂದು ಬೆಳಿಗ್ಗೆ ಮೈದಾನದಲ್ಲಿ ಎರೆಮಣ್ಣು ಕಾಲಿಗೆ ಮೆತ್ತುತ್ತದೆಂದು ಮಕ್ಕಳನ್ನು ಪಡಸಾಲೆಯಲ್ಲಿ ನಿಲ್ಲಿಸಿದ್ದೆವು. ಹಾಡು ಮುಗಿದ ಮೇಲೆ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಬಂದು, "ಅಕ್ಕೋರ, ಇದು ಯಾವ ದೇವರ ಹಾಡ್ರಿ?" ಎಂದಳು. ಅವಳ ಪಕ್ಕದಲ್ಲಿದ್ದ ಮಕ್ಕಳಲ್ಲಿ ವಿಭೂತಿ ಹಚ್ಚಿದವರಿದ್ದರು, ತಾಯಿತ ಕಟ್ಟಿದವರಿದ್ದರು, ತಾಂಡಾದಿಂದ ನಡೆದು ಬಂದವರಿದ್ದರು. ನಾನು ಇದ್ದದ್ದನ್ನೇ ಹೇಳಿದೆ. ಇದನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ. 1833ರಲ್ಲಿ ಸಿಸಿಲಿಯಲ್ಲಿ ಜ್ವರದಿಂದ ಬದುಕಿ ಎದ್ದು, ಊರಿಗೆ ಮರಳುವ ದಾರಿಯಲ್ಲಿ ಗಾಳಿಯಿಲ್ಲದೆ ಸಮುದ್ರದ ನಡುವೆ ನಿಂತ ಹಡಗಿನಲ್ಲಿ ಬರೆದರು. ನಮ್ಮ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಕನ್ನಡಕ್ಕೆ ತಂದರು, 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿದೆ. ಗಾಂಧೀಜಿಗೂ ಅದು ಬಹಳ ಪ್ರಿಯವಾಗಿತ್ತು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಎಲ್ಲಾರೂ ಹಾಡಬಹುದಲ್ರಿ" ಎಂದಳು. ನ್ಯೂಮನ್ ಮುಂದೆ ಕಾರ್ಡಿನಲ್ ಆಗಿ, 2019ರಲ್ಲಿ ಸಂತರ ಪಟ್ಟಿಗೆ ಸೇರಿದರು. ಆ ಪಟ್ಟಿಯ ಗೊಡವೆ ಇಲ್ಲದೆ ನಮ್ಮ ಮಕ್ಕಳು ನೂರು ವರ್ಷದಿಂದ ಅವರ ಪ್ರಾರ್ಥನೆಯನ್ನು ತಮ್ಮದು ಮಾಡಿಕೊಂಡು ಹಾಡಿದ್ದಾರೆ. ಯಾರ ಧರ್ಮವೂ ಕೆಟ್ಟಿಲ್ಲ.

ಮಂಜೇಶ್ವರದ ಗೋವಿಂದ ಪೈಗಳನ್ನು ನೋಡು. ಕ್ರಿಸ್ತನ ಕೊನೆಯ ದಿನದ ಮೇಲೆ 1937ರಲ್ಲಿ 'ಗೊಲ್ಗೊಥಾ' ಬಂತು, ಬುದ್ಧನ ಕೊನೆಯ ದಿನದ ಮೇಲೆ 1946ರಲ್ಲಿ 'ವೈಶಾಖಿ'. ಪೈಗಳು ಕಟ್ಟುನಿಟ್ಟಿನ ಸಂಶೋಧಕರು. ಶಾಸನದ ತೇದಿ ಒಂದು ದಿನ ಹೆಚ್ಚು ಕಡಿಮೆಯಾದರೂ ಸುಮ್ಮನಿರದ ಜನ. ಅಂಥವರು ಶಿಲುಬೆಯ ಎದುರು ನಿಂತಾಗ ತಮ್ಮ ಸಂಶೋಧನೆಯನ್ನೂ ಬಿಡಲಿಲ್ಲ, ಕಣ್ಣೀರನ್ನೂ ತಡೆಯಲಿಲ್ಲ. ಎದುರು ದಿಕ್ಕಿನಿಂದ ಬಂದವರು ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿಯಾದವರು. ಊರೂರು ತಿರುಗಿ, ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಸಿದ್ಧರಾಮನನ್ನು, ಮೋಳಿಗೆ ಮಾರಯ್ಯನನ್ನು, ಅನುಭವ ಮಂಟಪದ ಇತಿಹಾಸವನ್ನು ಕುರಿತು ದುಡಿದರು. 1949ರಲ್ಲಿ ಕಲಬುರ್ಗಿಯ 32ನೆಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರಿಸ್ತನನ್ನು ಬಿಡಲಿಲ್ಲ, ಶರಣರನ್ನೂ ಬಿಡಲಿಲ್ಲ. ಪೈಗಳು ಆ ಕಡೆ ನಡೆದರು, ಉತ್ತಂಗಿಯವರು ಈ ಕಡೆ ನಡೆದರು, ಇಬ್ಬರ ಮನಸ್ಸಿನಲ್ಲೂ ಯಾರ ಭಯವೂ ಇರಲಿಲ್ಲ. ಹೊಸದಾಗಿ ಧರ್ಮದ ಕಡೆ ಹೊರಳಿದ ಚಿಂತಕರಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಈ ನಿರ್ಭಯವನ್ನೇ.

ನಿನ್ನ ಎಚ್. ನರಸಿಂಹಯ್ಯನವರನ್ನೂ ಬಿಟ್ಟುಕೊಡಬೇಡ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಅವರು ಪವಾಡಗಳ ತನಿಖೆಗೆ ಸಮಿತಿ ಮಾಡಿದ ಸುದ್ದಿಯನ್ನು ಅಪ್ಪನಿಗೆ ನಾನೇ ಓದಿ ಹೇಳಿದ್ದೆ. ದೊಡ್ಡ ಬಾಬಾಗಳ ಎದುರು ಖಾದಿ ಟೋಪಿಯ ಒಬ್ಬ ಮೇಷ್ಟ್ರು ನಿಂತದ್ದು ಕಂಡು ನಮ್ಮಂಥ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಬೆನ್ನೆಲುಬು ಬಂತು! ಅವರ ಸರಳ ಬದುಕು ಯಾವ ಸಂನ್ಯಾಸಿಗೂ ಕಡಿಮೆಯಿರಲಿಲ್ಲ. ನಮ್ಮ ಕಡೆ ವಿಚಾರವಾದ ಹುಟ್ಟಿದ್ದು ಚರ್ಚಿನ ಮೇಲಿನ ಸಿಟ್ಟಿನಿಂದಲ್ಲ, ಜಾತಿಯ ಮೇಲಿನ ಸಿಟ್ಟಿನಿಂದ. ಬಡವನ ಭಯವನ್ನು ಮಾರಿ ಹೊಟ್ಟೆ ಹೊರೆಯುವವರ ಮೇಲಿನ ಸಿಟ್ಟಿನಿಂದ. ಬಸವಣ್ಣನವರ ಕಾಲಕ್ಕೇ ಅದು ಇತ್ತು, ಭಕ್ತಿಯ ಒಳಗೇ ಇತ್ತು. ಪ್ರಶ್ನೆ ಮಾಡುವುದಕ್ಕೆ ದೇವರನ್ನು ಬಿಡಬೇಕು, ದೇವರನ್ನು ನೆನೆಯುವುದಕ್ಕೆ ಪ್ರಶ್ನೆಯನ್ನು ಬಿಡಬೇಕು ಎಂಬ ಕಟ್ಟಳೆ ನಮ್ಮ ಹಿರಿಯರಲ್ಲಿ ಇರಲಿಲ್ಲ. ನೀನು ಯಾಕೆ ಆ ಕಟ್ಟಳೆಯನ್ನು ತಲೆಯ ಮೇಲೆ ಹೊತ್ತುಕೊಂಡು ಸೋತೆ ಸೋತೆ ಅನ್ನುತ್ತೀ?

ನಮ್ಮ ವಿಚಾರವಾದದಲ್ಲಿ ಒಂದು ಜಾಗ ಖಾಲಿ ಉಳಿದದ್ದು ನಿಜ. ಮೋಸ ಬಯಲು ಮಾಡುವುದನ್ನು ಅದು ಚೆನ್ನಾಗಿ ಕಲಿಸಿತು. ಮಡಿಲಲ್ಲಿ ಹೆಣ ಇಟ್ಟುಕೊಂಡು ಕುಳಿತವಳ ಪಕ್ಕದಲ್ಲಿ ಹೇಗೆ ಕುಳಿತಿರಬೇಕು ಎಂಬುದನ್ನು ನಾವು ಬೇರೆ ಕಡೆ ಕಲಿಯಬೇಕಾಯಿತು. ಅವ್ವನ ಆ ನರ್ಸ್‌ಬಾಯಿಗೆ ಅದು ಗೊತ್ತಿತ್ತು. ನಿನಗೆ ಈಗ ಬೇಕಾಗಿರುವುದು ಅದು, ತಮ್ಮಾ. ಬೇಕು ಎಂದು ಹೇಳಲು ನಾಚಬೇಡ.

ನಿನ್ನ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ನೀನು ಅಷ್ಟಾಗಿ ಗಮನಿಸದೆ ಬರೆದ ಒಂದು ಸಂಗತಿ. ಚಳಿಗಾಲದಲ್ಲಿ ಲಿಯೋನ್‌ಹಾರ್ಡ್ ಚರ್ಚಿಗೆ ಪಾತ್ರೆ ತೊಳೆಯಲು ಹೋಗುತ್ತೇನೆ ಎಂದಿದ್ದೀ. 1995ರಲ್ಲಿ ಮಾರ್ಟಿನ್ ಫ್ರಿಟ್ಸ್ ಎಂಬ ಪಾದ್ರಿ ಶುರುಮಾಡಿದ್ದಂತೆ: ಜನವರಿಯಿಂದ ಕೆಲವು ವಾರ ಚರ್ಚಿನ ಒಳಗೇ ಮೇಜು ಹಾಕಿ ಮನೆಯಿಲ್ಲದವರಿಗೆ, ಬಡವರಿಗೆ ಬಿಸಿ ಊಟ, ವೈದ್ಯರು ಬಂದು ನೋಡುತ್ತಾರೆ, ಕ್ಷೌರದವರು ಕೂದಲು ಕತ್ತರಿಸುತ್ತಾರೆ. ಇದನ್ನು ಓದಿದಾಗ ನಮ್ಮ ಮಠಗಳ ದಾಸೋಹವೇ ಕಣ್ಣ ಮುಂದೆ ಬಂತು. ಟಾಮ್ ಹಾಲೆಂಡ್ ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಬೇಕೆಂದರೆ ಅಲ್ಲಿ ಊಟಕ್ಕೆ ಕುಳಿತವರ ಮುಖ ನೋಡು. ಸಿರಿಯಾದಿಂದ ಓಡಿ ಬಂದವನಿಗೂ, ಕುಡಿದು ಮನೆ ಕಳೆದುಕೊಂಡವನಿಗೂ ಒಂದೇ ಸಾರು ಬಡಿಸುವ ತನಕ ಆ ಚರ್ಚಿನಲ್ಲಿ ಜೀವವಿದೆ. ಅವರಲ್ಲಿ ಯಾರನ್ನಾದರೂ ಹೊರಗೆ ಹಾಕಲು ಅದೇ ಶಿಲುಬೆಯನ್ನು ಎತ್ತಿ ತೋರಿಸಿದ ದಿನ, ನೀನು ಹಿಂದಿನ ಬೆಂಚಿನಿಂದ ಎದ್ದು ನಿಂತು ಮಾತಾಡಬೇಕು. ನರಗುಂದದ ಸಂತೆಯಲ್ಲಿ ಮಾತಾಡಿದ ಧ್ವನಿ ನಿನಗೆ ಆಗ ಬೇಕಾಗುತ್ತದೆ. ಅದನ್ನು ಜೋಪಾನವಾಗಿಟ್ಟುಕೋ.

ಪ್ರಾರ್ಥನೆ ಬಂದರೆ ಮಾಡು. ಬಾರದಿದ್ದರೆ ಬಂದವರಂತೆ ನಟಿಸಬೇಡ. ಹಾಡು ಕೇಳಿ, ಪಾತ್ರೆ ತೊಳೆದು, ಮನೆಗೆ ಹೋಗು. ನಾಳೆ ನೀನು ಕ್ರೈಸ್ತನಾದೆ ಎಂದು ಬರೆದರೂ ಈ ಮನೆಯ ಮಗನೇ. ಇಲ್ಲ, ನಾನು ನಾಸ್ತಿಕನೇ ಎಂದು ಬರೆದರೂ ಈ ಮನೆಯ ಮಗನೇ. ಬೇರೆಯವರ ಮೇಲಿನ ಭಯದಿಂದ ಮಾತ್ರ ಯಾವ ದೇವರನ್ನೂ ಅಪ್ಪಬೇಡ, ಯಾವ ದೇವರನ್ನೂ ಬಿಡಬೇಡ. ನಿನಗೆ ಹೇಳಬೇಕೆಂದಿದ್ದ ಮಾತು ಇದೊಂದೇ.

ಉತ್ತಂಗಿಯವರ ಸರ್ವಜ್ಞನ ಪ್ರತಿಯನ್ನು ಈ ವಾರ ಅಂಚೆಗೆ ಹಾಕುತ್ತೇನೆ. ಮುಂದಿನ ಪತ್ರದಲ್ಲಿ ಪಂಡಿತರ ಮಾತು ಕಡಿಮೆ ಇರಲಿ, ನಿನ್ನ ಹೆಂಡತಿಯ ವಿಷಯ ಬರೆ. ಅವಳ ಕಾಯಿಲೆಯ ದಿನಗಳು, ಅವಳ ಕೊನೆಯ ಮಾತು, ನೀನು ಇದುವರೆಗೂ ಯಾರಿಗೂ ಹೇಳದ್ದು. ನಾನು ಇಲ್ಲಿ ಬರೆದದ್ದರಲ್ಲಿ ಒಪ್ಪದ್ದಿದ್ದರೆ ಅದನ್ನೂ ಮುಚ್ಚಿಡದೆ ಬರೆ. ಅಕ್ಕನ ಜೊತೆ ವಾದ ಮಾಡುವ ಹುಮ್ಮಸ್ಸು ನಿನಗೆ ಮರಳಿ ಬಂದಿದೆ ಎಂದು ತಿಳಿದರೆ ನನಗೆ ಅರ್ಧ ಚಿಂತೆ ಇಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ